ಹಾಸಿನ ಕಲ್ಲು ಕಿತ್ತವನು

ಯಾರ ಮನೆಗೆ ಬಂದರೂ ಆತ ಮೊದಲು ನೋಡುತ್ತಿದ್ದದ್ದು ನೆಲವನ್ನು. ಮನೆಯವರ ಮುಖವನ್ನಲ್ಲ, ಜಗಲಿಯ ಮೇಲಿನ ದೇವರನ್ನಲ್ಲ, ಒಲೆಯ ಮೇಲೆ ಏನು ಕುದಿಯುತ್ತಿದೆ ಎಂಬುದನ್ನೂ ಅಲ್ಲ. ಹೊಸ್ತಿಲಲ್ಲಿ ನಿಂತು, ತಲೆ ಸ್ವಲ್ಪ ವಾಲಿಸಿ, ಈ ಮೂಲೆಯಿಂದ ಆ ಮೂಲೆಗೆ ಕಣ್ಣು ಹಾಯಿಸಿ, “ನಿಮ್ಮ ಪಡಸಾಲಿ ಬಾಗಲ ಕಡೆ ಇಳದೈತಿ ನೋಡ್ರಿ” ಎನ್ನುತ್ತಿದ್ದ. ಬಂದ ಮನೆಯ ನೆಲದ ಮೇಲೆ ಕಣ್ಣಿಡುವವನನ್ನು ನಂಬಬಾರದು ಎಂದು ನಮ್ಮ ಅತ್ತೆ ಹೇಳುತ್ತಿದ್ದರು ಅಂತ ಬರೆದರೆ ಸುಳ್ಳಾದೀತು. ಹಾಗೆ ಹೇಳಿದವಳು ನಾನೇ.

ಈ ಬೇಸಿಗೆಯಲ್ಲಿ ಆತ ತೀರಿಕೊಂಡ. ಮಣ್ಣಿಗೆ ಹೋಗಿ ಬಂದ ನಮ್ಮವರು ಕೈಕಾಲು ತೊಳೆದುಕೊಂಡು ಕಟ್ಟೆಯ ಮೇಲೆ ಕೂತರು. ಆಮೇಲೆ, “ಅಂವನ ಬಗ್ಗೆ ನಾಕ ಮಾತು ಬರದಿಡು. ನಿನ್ನಷ್ಟು ಅಂವನ್ನ ನೋಡಿದವ್ರು ಈ ಓಣ್ಯಾಗ ಯಾರೂ ಇಲ್ಲ” ಎಂದರು. ಅದು ನಿಜ. ಸ್ನೇಹ ಇದ್ದವರು ಮನುಷ್ಯನನ್ನು ಬರುವಾಗ ನೋಡುತ್ತಾರೆ, ಹೋಗುವಾಗ ನೋಡುತ್ತಾರೆ. ಸಂಶಯ ಇದ್ದವರು ನಡುವಿನದನ್ನೆಲ್ಲ ನೋಡುತ್ತಾರೆ.

ನನ್ನ ಸಂಶಯಕ್ಕೆ ಕಾರಣ ಇತ್ತು. ಅದನ್ನು ಮೊದಲು ಹೇಳಬೇಕು.

ನಮ್ಮ ಮನೆ ಬನಹಟ್ಟಿಯ ನೇಕಾರರ ಓಣಿಯ ತುದಿಯಲ್ಲಿದೆ. ಮನೆಯ ಪಕ್ಕದಿಂದ ಹಿತ್ತಲಿನವರೆಗೆ, ಒಣಗಲು ಸೀರೆ ಹಾಸಿದಂತೆ, ಉದ್ದಕ್ಕೆ ಒಂದು ಪಟ್ಟಿ ನೆಲ. ಅದನ್ನು ಹಾಸಿನ ಜಾಗ ಎನ್ನುತ್ತೇವೆ. ಕೈಮಗ್ಗದ ಕಾಲದಲ್ಲಿ ಹಾಸಿನ ನೂಲನ್ನು, ಅಂದರೆ ಸೀರೆಯ ಉದ್ದದ ಎಳೆಗಳನ್ನು, ಈ ತುದಿಯ ಕಲ್ಲಿನಿಂದ ಆ ತುದಿಯ ಕಲ್ಲಿಗೆ ಹಗ್ಗದಿಂದ ಎಳೆದು ಕಟ್ಟಿ, ಗಂಜಿ ಹಚ್ಚಿ, ಕುಂಚದಿಂದ ತೀಡಿ ಅಲ್ಲಿ ಒಣಗಿಸುತ್ತಿದ್ದರು. ನೂಲಿಗೆ ಒಂದು ಮುಳ್ಳು, ಒಂದು ಹರಳು ತಾಗಬಾರದು. ಹಾಗಾಗಿ ನಮ್ಮ ಮನೆಯ ಹೆಂಗಸರು ತಲೆಮಾರುಗಟ್ಟಲೆ ಆ ನೆಲವನ್ನು ಗುಡಿಸಿ, ಸಾರಿಸಿ, ಅಂಗೈಯ ಹಾಗೆ ಮಾಡಿಟ್ಟಿದ್ದರು. ಈಗ ನಮ್ಮಲ್ಲಿ ಮಗ್ಗವಿಲ್ಲ. ಊರ ತುಂಬ ಪಾವರ್‌ಲೂಮು. ಹಾಸು ಸಿದ್ಧವಾಗಿಯೇ ಬೀಮಿನ ಉರುಳೆಗೆ ಸುತ್ತಿ ಬರುತ್ತದೆ. ಆದರೂ ಎರಡೂ ತುದಿಗೆ ಸೊಂಟದೆತ್ತರದ ಕಲ್ಲುಗಳು ನಿಂತಿದ್ದವು. ಈ ಕಲ್ಲಿನಿಂದ ಆ ಕಲ್ಲಿನವರೆಗೆ ನಮ್ಮದು ಎಂಬುದಕ್ಕೆ ಆ ಕಲ್ಲುಗಳೇ ಸಾಕ್ಷಿ. ಓಣಿಯಲ್ಲಿ ಯಾರ ಹಾಸಿನ ಜಾಗಕ್ಕೂ ಬೇರೆ ಸಾಕ್ಷಿ ಇಲ್ಲ; ತಕರಾರು ಬಂದರೆ ಹಿರಿಯರು ಬಂದು ಕಲ್ಲು ನೋಡುತ್ತಾರೆ, ಎದ್ದು ಹೋಗುತ್ತಾರೆ.

ಹಿತ್ತಲಿನಾಚೆ ಒಂದು ಖಾಲಿ ಪ್ಲಾಟು. ಅದಕ್ಕೆ ದಾರಿಯಿಲ್ಲ. ದಾರಿ ಬೇಕೆಂದರೆ ನಮ್ಮ ಪಟ್ಟಿಯ ಮೇಲೆಯೇ ಹಾಯಬೇಕು. ನಮ್ಮ ಮಗ ಸಮೀರವಾಡಿಯಲ್ಲಿ ಸಕ್ಕರೆ ಕಾರ್ಖಾನೆಯ ನೌಕರಿಯಲ್ಲಿದ್ದು, ಅಲ್ಲಿಯೇ ಕ್ವಾರ್ಟರ್ಸಿನಲ್ಲಿದ್ದಾನೆ. ನೌಕರಿ ಮುಗಿದ ದಿನ ಕ್ವಾರ್ಟರ್ಸೂ ಮುಗಿಯುತ್ತದೆ. ಅವನ ಸಂಸಾರಕ್ಕೆ ಎರಡು ಕೋಣೆ ಏಳಬೇಕಾದದ್ದು ಆ ಪಟ್ಟಿಯ ಮೇಲೆ. ಇಷ್ಟು ತಿಳಿದವರಿಗೆ, ಆತ ನಮ್ಮ ನೆಲ ನೋಡಿದಾಗ ನನಗೆ ಹೇಗಾಗುತ್ತಿತ್ತು ಎಂದು ಬಿಡಿಸಿ ಹೇಳಬೇಕಾಗಿಲ್ಲ.

ಆತ ಬಂದದ್ದು ಎದುರುಮನೆ ಗಂಗವ್ವನ ಹಿಂದಿನ ಕೋಣೆಗೆ, ಬಾಡಿಗೆಗೆ. ಮೂಲ ಗಲಗಲಿಯವನು. ಹರೆಯದಲ್ಲಿ ಪುಣೆಗೆ ಹೋಗಿ, ಅಲ್ಲಿಯ ಒಂದು ಗಾಲ್ಫ್ ಮೈದಾನದಲ್ಲಿ ಮೊದಲು ಸಾಹೇಬರ ಚೀಲ ಹೊತ್ತು, ಆಮೇಲೆ ಅದೇ ಸಾಹೇಬರಿಗೆ ಪಟ್ಟಿಂಗ್ ಕಲಿಸಿ, ವಯಸ್ಸಾದ ಮೇಲೆ ಈ ಕಡೆ ತಿರುಗಿದ್ದ. ಮದುವೆ ಆಗಿರಲಿಲ್ಲ. ಹತ್ತಿರದವನೆಂದರೆ ಅಕ್ಕನ ಮಗ ಒಬ್ಬ, ಮುಧೋಳದಲ್ಲಿ.

“ಪಟ್ಟಿಂಗ್ ಅಂದ್ರ ಏನಪಾ?” ಎಂದು ಗಂಗವ್ವ ಕೇಳಿದ್ದಕ್ಕೆ, “ಚೆಂಡನ್ನ ಮೆಲ್ಲಕ ನೂಕಿ ತೆಗ್ಗಿನಾಗ ಕೆಡವೂದ್ರಿ” ಎಂದನಂತೆ. ಗಂಗವ್ವ ಸೆರಗು ಬಾಯಿಗೆ ಹಚ್ಚಿಕೊಂಡು ನಮ್ಮನೆಗೆ ಓಡಿ ಬಂದಳು. “ಅದಕ್ಕ ಪಗಾರ ಕೊಡ್ತಿದ್ರಂತಬೇ!”

“ಪಗಾರ ಅದಕ್ಕ ಕೊಡ್ತಿದ್ರೋ, ಮತ್ಯಾತಕ್ಕೊ” ಎಂದೆ ನಾನು.

ಒಂದು ಬೆಳಿಗ್ಗೆ ಕಸ ಚೆಲ್ಲಲು ಹೊರಟವಳು ನೋಡುತ್ತೇನೆ: ನಮ್ಮ ಹಾಸಿನ ಜಾಗದ ಬಾಯಿಯಲ್ಲಿ ಆತ ಬಗ್ಗಿ ನಿಂತಿದ್ದಾನೆ. ಹಲ್ಲಿನಲ್ಲಿ ಒಂದು ದಾರ ಕಚ್ಚಿದ್ದಾನೆ. ದಾರದ ತುದಿಗೆ ಕಬ್ಬಿಣದ ನಟ್ಟು ತೂಗುತ್ತಿದೆ. ಅದರ ಕೆಳಗೆ ನೆಲದ ಮೇಲೆ ಒಂದು ಬಿಳಿ ಚೆಂಡು. ಕಣ್ಣು ಮಿಟುಕುತ್ತಿಲ್ಲ. ಅಮಾವಾಸ್ಯೆಯ ಮರುದಿನ ಅದು; ಮಾಟವೋ ಏನೋ ಎಂದುಕೊಂಡೆ.

“ಏನ್ರಿ ಅದು?”

ಬಾಯಲ್ಲಿ ದಾರ ಇದ್ದುದರಿಂದ ಉತ್ತರ ತಡವಾಯಿತು. ದಾರ ತೆಗೆದು, ನಟ್ಟನ್ನು ಅಂಗೈಯಲ್ಲಿ ಮುಚ್ಚಿಕೊಂಡು, “ಕಣ್ಣು ಚೆಂಡಿನ ಮ್ಯಾಲ ನೆಟ್ಟಗ ಬಿದ್ದೈತಿಲ್ಲೊ ನೋಡಾಕತ್ತಿದ್ದೆ ವೈನಿ. ನಿಂತ ನಿಲುವು ತಪ್ಪಿ ಕಣ್ಣು ಆಚೆ ಬಿತ್ತಂದ್ರ, ಚೆಂಡು ಈಚೆ ಹೋಗತೈತಿ” ಎಂದ.

“ನಿಮ್ಮ ಕಣ್ಣು ಎಲ್ಲಿ ಬಿದ್ದೈತಿ ಅಂತ ನನಗ ಗೊತ್ತೈತಿ” ಎಂದು ಕಸ ಚೆಲ್ಲಿ ಬಂದೆ.

ಬೇರೊಬ್ಬನಾಗಿದ್ದರೆ ಮುಖ ಗಂಟು ಹಾಕಿಕೊಳ್ಳುತ್ತಿದ್ದ. ಆತ ನಕ್ಕ. ನಗುವಾಗ ಮೇಲಿನ ತುಟಿ ಮಾತ್ರ ಅಲುಗುತ್ತಿತ್ತು. ತಲೆ, ಕತ್ತು, ಭುಜ ಎಲ್ಲ ಇದ್ದಲ್ಲಿಯೇ. ತಲೆ ಅಲುಗಿಸದೆ ನಗುವವನನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ, ಆಮೇಲೂ ನೋಡಿಲ್ಲ.

ದಾರದ ಮರುದಿನ ಕೋಲು ಬಂತು. ಉದ್ದ ಚೀಲದಿಂದ ಅದೊಂದನ್ನೇ ತೆಗೆಯುತ್ತಿದ್ದ: ಕೆಳಗೆ ಚಪ್ಪಟೆ ಕಬ್ಬಿಣ, ಮೇಲೆ ಕರಿ ರಬ್ಬರಿನ ಹಿಡಿಕೆ, ಹಿಡಿಕೆಗೆ ಆತನ ಬೆರಳುಗಳ ಹೊಳಪು. ಆ ಕೋಲನ್ನು ಎರಡು ಬೆರಳಲ್ಲಿ ಮುಖದ ಮುಂದೆ ತೂಗಬಿಟ್ಟು, ಒಂದು ಕಣ್ಣು ಮುಚ್ಚಿ, ನಮ್ಮ ಪಟ್ಟಿಯ ಉದ್ದಕ್ಕೂ ನೋಡುತ್ತಿದ್ದ. ಗಂಗವ್ವನಿಗೂ ಆಗ ಎದೆ ಧಸಕ್ಕೆಂದಿತು. ಅವಳ ತವರು ಬೀಳಗಿ ಕಡೆ. “ಡ್ಯಾಮಿನ ಹಿನ್ನೀರಿನ ಸರ್ವೆಕ್ಕ ಬಂದವ್ರು ಥೇಟ್ ಹಿಂಗ ಒಂದ ಕಣ್ಣ ಮುಚ್ಚಿ ನಿಂತಿದ್ರ ನೋಡು. ಆಮ್ಯಾಲ ಊರಿಗೆ ಊರ ಎದ್ದ ಹೋತು” ಎಂದಳು. ಬಾಡಿಗೆದಾರನನ್ನು ಬಿಡಿಸು ಎಂದರೆ ಮಾತ್ರ, “ಹೋಗ್ಲಿ ಬಿಡು, ಹೇಳಿದ ದಿನ ಬಾಡಿಗಿ ಕೊಡ್ತಾನ” ಎಂದು ಜಾರಿಕೊಂಡಳು.

ಒಂದು ತಂಬಿಗೆ ನೀರು ಕೇಳಿಕೊಂಡು ಬಂದ ದಿನ ನಾನು ಕುಡಿಯಲಿಕ್ಕೆಂದು ಕೊಟ್ಟೆ. ಆತ ಅದನ್ನು ನಮ್ಮ ಪಟ್ಟಿಯ ಮೇಲೆ ಹನಿಹನಿಯಾಗಿ ಸುರಿದು ಕುಕ್ಕರಗಾಲಲ್ಲಿ ಕೂತು ನೋಡಿದ. ನೀರು ಸ್ವಲ್ಪ ಹೊತ್ತು ಯೋಚಿಸಿ, ಹಿತ್ತಲಿನ ಕಡೆಗೆ ಹೆಬ್ಬಾವಿನಂತೆ ನಿಧಾನ ಸರಿಯಿತು. “ನೀರು ಸುಳ್ಳ ಹೇಳೂದಿಲ್ರಿ ವೈನಿ. ಪುಣೇದಾಗ ಸುದ್ದಾ ಇಷ್ಟು ಸಮ ನೆಲ ನಾ ನೋಡಿಲ್ಲ. ಹುಲ್ಲಿನ ಮೈದಾನ ಇಲ್ಲದ ಊರಾಗ ಇಂಥಾ ಕಂದು ನೆಲದ ಮ್ಯಾಲೂ ಆಡ್ತಾರ” ಎಂದ. ಹೊಗಳಿದ್ದು ನಮ್ಮ ಅತ್ತೆ, ಅವರ ಅತ್ತೆ ಸಾರಿಸಿದ ನೆಲವನ್ನು. ನನಗೆ ಖುಷಿಯಾಗಬೇಕಿತ್ತು. ಸಂತೆಯಲ್ಲಿ ಎಮ್ಮೆಯ ಕೆಚ್ಚಲು ಹೊಗಳುವವನು ಹಾಲು ಕುಡಿಯುವವನಲ್ಲ, ಎಮ್ಮೆ ಒಯ್ಯುವವನು.

ಇನ್ನೊಂದು ವಿಷಯ. ನಮ್ಮಲ್ಲಿ ಒಬ್ಬರ ಪಾತ್ರೆ ಇನ್ನೊಬ್ಬರ ಮನೆಗೆ ಹೋದರೆ ಬರಿದಾಗಿ ತಿರುಗುವುದಿಲ್ಲ. ಏನೂ ಇಲ್ಲದಿದ್ದರೆ ಚಿಟಿಕೆ ಸಕ್ಕರೆಯಾದರೂ ಇರುತ್ತದೆ. ನಾನು, ಸಂಶಯ ಸಂಶಯದ ಕಡೆ ಇರಲಿ, ಒಬ್ಬಂಟಿ ಮನುಷ್ಯ ಎಂದು ಹಬ್ಬಕ್ಕೆ ಹೋಳಿಗೆ ಕಳಿಸಿದೆ, ಶ್ರಾವಣದಲ್ಲಿ ಉಂಡಿ ಕಳಿಸಿದೆ. ಪ್ರತಿ ಸಲವೂ ಡಬ್ಬಿ ಕನ್ನಡಿಯ ಹಾಗೆ ಬೆಳಗಿ, ಬರಿದಾಗಿ ಬಂತು. ಒಂದು ದಿನ ಕೇಳಿಯೇಬಿಟ್ಟೆ.

“ಬರೇ ಡಬ್ಬಿ ಕೊಡೂದು ಎಲ್ಲಿ ಪದ್ಧತಿರಿ?”

“ತುಂಬಿದ್ದು ತಿಂದೆ. ಡಬ್ಬಿ ಇದ್ದಂಗ ಕೊಟ್ಟೆ” ಎಂದ. “ನಮ್ಮ ಕೆಲಸದಾಗ ಅದೊಂದ ರೂಢಿ ಬಿದ್ದೈತ್ರಿ. ಎಲ್ಲಿ ಕಾಲಿಟ್ರೂ ಹೋಗಾಗ ಇದ್ದಂಗ ಮಾಡಿ ಹೋಗಬೇಕು. ಚೆಂಡು ಬಿದ್ದು ನೆಲ ಎದ್ದಿದ್ರ ಒತ್ತಿ ಹೋಗಬೇಕು. ಹಳೇ ತೆಗ್ಗು ಮುಚ್ಚಿ ಹೊಸಾದು ತಗದ್ರ, ಹಳೇದು ಎಲ್ಲಿತ್ತು ಅಂತ ತಗದವಗ ಸುದ್ದಾ ತಿಳೀಬಾರದು.”

ಎಲ್ಲಿದ್ದೆ ಎಂದು ತಿಳಿಯದ ಹಾಗೆ ಹೋಗುವವರು ಯಾರು? ಕಳ್ಳರು. ಹಾಗಂತ ನಮ್ಮವರಿಗೆ ಹೇಳಿದೆ. ನಮ್ಮವರು ಅಷ್ಟರಲ್ಲಿ ಆತನ ಕಡೆಯವರಾಗಿದ್ದರು.

ನಮ್ಮವರ ಬಗ್ಗೆ ಹೇಳಬೇಕು. ಮಗ್ಗದ ಕುಣಿಯಲ್ಲಿ ಕೂತು ಲಾಳಿಯ ಹಗ್ಗ ಎಳೆದೇ ಅವರ ಆಯುಷ್ಯ ಹೋಯಿತು. ಒಂದು ಸಲ ಎಳೆದರೆ ಲಾಳಿ ಈ ಕಡೆಯಿಂದ ಆ ಕಡೆಗೆ ಓಡಬೇಕು. ಎಳೆತವೆಲ್ಲ ಬಲಗೈಯ ಮಣಿಕಟ್ಟಿನಲ್ಲಿ. ಮಗ್ಗ ಮಾರಿದ ಮೇಲೂ ಆ ಮಣಿಕಟ್ಟು ಸುಮ್ಮನಾಗಲಿಲ್ಲ. ಕೂತಲ್ಲಿ ನಿಂತಲ್ಲಿ ಒಮ್ಮೆ ತಟ್ಟನೆ ಜಗ್ಗುತ್ತಿತ್ತು. ಬಸಿಯ ಚಹಾ ಅಂಗಿಯ ಮೇಲೆ ಬೀಳುತ್ತಿತ್ತು. ಮಂದಿಯ ಮನೆಯಲ್ಲಿ ಪಂಕ್ತಿಗೆ ಕೂರುವುದನ್ನೇ ಬಿಟ್ಟು, ಕಟ್ಟೆ ಹಿಡಿದು ಕೂತಿದ್ದರು. ಅಂಥ ಮನುಷ್ಯನನ್ನು ಆತ, “ಮಾಲಕ್ರ, ಸುಮ್ಕ ಕುಂತೀರಿ, ಒಂದ ಸಲ ಹಿಡದ ನೋಡ್ರಿ” ಎಂದು ಎಬ್ಬಿಸಿದ.

ಮೊದಲ ದಿನ ನಮ್ಮವರು ಹೊಡೆದ ಚೆಂಡು ಪಟ್ಟಿಯನ್ನು ದಾಟಿ, ಹಿತ್ತಲು ದಾಟಿ, ಆಚೆ ಪ್ಲಾಟಿನ ಜಾಲಿಯಲ್ಲಿ ಬಿತ್ತು. ಆತ ಅಲುಗದ ತಲೆಯಿಂದ ನಕ್ಕ.

“ಮಾಲಕ್ರ, ನೀವು ಚೆಂಡು ಹೊಡ್ಯಾಕತ್ತಿಲ್ಲ, ಲಾಳಿ ಓಡಸಾಕತ್ತೀರಿ.”

“ಕೈ ಕೇಳೂದಿಲ್ಲೋ ಮಾರಾಯಾ. ಅದು ನನ್ನ ಕೈ ಅಲ್ಲ, ಮಗ್ಗದ್ದು.”

“ಮಗ್ಗದ್ದು ಅಂದ್ರ ಮಗ್ಗಕ್ಕ ಬಿಡ್ರಿ ಹಂಗಾರ. ಹಿಡಿಕಿನ ಬದಲಿ ಮಾಡೂಣು.”

ಪಾಠವನ್ನೆಲ್ಲ ನಾನು ಅಡುಗೆಮನೆಯ ಕಿಟಕಿಯಿಂದ ಕೇಳಿದ್ದೇನೆ. ಕೇಳಲೇಬೇಕಿತ್ತು, ನೆಲದ ಮಾತು ಯಾವಾಗ ಬರುತ್ತದೋ ಎಂದು ಕಾಯುತ್ತಿದ್ದೆ. ಬಂದದ್ದೆಲ್ಲ ಕೈಕಾಲಿನ ಮಾತೇ. “ಕಾಲು ಭುಜದಷ್ಟು ಅಗಲ ಇಡ್ರಿ. ಮೊಣಕಾಲು ಸಡಲ. ತೂಕ ಎರಡೂ ಕಾಲಿಗಿ ಹಂಚ್ರಿ, ಕೈಗಡ ಕೇಳಾಕ ಬಂದವ್ರಂಗ ಒಂದ ಕಾಲ ಮ್ಯಾಲ ನಿಂದ್ರಬ್ಯಾಡ್ರಿ. ಬಲಗೈ ಮ್ಯಾಲ, ಎಡಗೈ ಕೆಳಗ. ಹೂಂ, ಉಲ್ಟಾನ ಅನಸತೈತಿ, ಅನಸಲಿ. ಬಲಗೈ ದುಡದದ್ದು ಸಾಕು; ಇನ್ನ ಅದು ಜತೀಗೆ ಬರಲಿ, ದಾರಿ ಎಡಗೈ ತೋರಸ್ಲಿ. ಹೆಬ್ಬೆಟ್ಟು ಎರಡೂ ಹಿಡಿಕಿ ಮ್ಯಾಲ ನೆಟ್ಟಗ. ತೂಗೂದು ಭುಜದಿಂದ, ತೊಟ್ಟಿಲ ತೂಗಿದಂಗ. ಮಣಿಕಟ್ಟಿಗಿ ಇವತ್ತ ಸೂಟಿ.”

“ಎಷ್ಟ ಬಿಗಿ ಹಿಡೀಲೋ?”

“ಹಸಿ ರೊಟ್ಟಿ ಹೆಂಚಿಗಿ ಹಾಕೂ ಮುಂದ ವೈನಿ ಎಷ್ಟ ಹಿಡೀತಾರ, ಅಷ್ಟ. ಬಿಗಿ ಹಿಡದ್ರ ಹರೀತೈತಿ, ಸಡಲ ಬಿಟ್ರ ಬೀಳತೈತಿ.”

ನಾನು ಕಿಟಕಿಯ ಒಳಗೆ ಕೈಯಲ್ಲಿ ಹಸಿ ರೊಟ್ಟಿ ಹಿಡಿದೇ ನಿಂತಿದ್ದೆ. ಅಂದರೆ ನಾನು ಕಿಟಕಿಯಿಂದ ಆತನನ್ನು ನೋಡುತ್ತಿದ್ದಾಗೆಲ್ಲ ಆತನೂ ನನ್ನ ಕೈ ನೋಡುತ್ತಿದ್ದ. ಅಂದಿನಿಂದ ಆ ಕಿಟಕಿಗೆ ಅರ್ಧ ಪರದೆ ಬಂತು. ಮೇಲಿನರ್ಧ ನನಗೆ ಬೇಕಿತ್ತು, ಬಿಟ್ಟೆ.

ಜಮಖಂಡಿಯ ಸಂತೆಯಲ್ಲಿ ಒಮ್ಮೆ ಇಬ್ಬರನ್ನೂ ಕಂಡೆ. ನಾನು ಹಿಂದೆ ಹೋದೆ ಎಂದಲ್ಲ; ನನಗೂ ಜಮಖಂಡಿಯಲ್ಲಿ ಕೆಲಸವಿತ್ತು, ಬಸ್ಸು ಅದೇ ಇತ್ತು. ಪಾತ್ರೆಯ ಅಂಗಡಿಯ ಮುಂದೆ ಆತ ಕುಕ್ಕರಗಾಲಲ್ಲಿ ಕೂತು ಒಂದೊಂದೇ ಡಬ್ಬಿಯೊಳಗೆ ಚೆಂಡು ಬಿಟ್ಟು, ಕಿವಿ ಹಚ್ಚಿ ಸಪ್ಪಳ ಕೇಳುತ್ತಿದ್ದ. ಅಂಗಡಿಯವ ತಾಳುವಷ್ಟು ತಾಳಿ, “ಯಜಮಾನ್ರ, ಡಬ್ಬಿ ತಗೊಳ್ಳವ್ರೋ, ತಬಲಾ ಕಲಿಯವ್ರೋ?” ಎಂದ. ಸುತ್ತಲಿನವರು ನಕ್ಕರು. ಆತನಿಗೆ ಕೇಳಿಸಲಿಲ್ಲ. ನಮ್ಮವರಿಗೆ ಹೇಳುತ್ತಿದ್ದ: “ಹೊಡದ ಮ್ಯಾಲ ತಲಿ ಎತ್ತಿ ನೋಡಬಾರದು ಮಾಲಕ್ರ. ತಲಿ ಎತ್ತಿದ್ರ ಭುಜ ಏಳತೈತಿ, ಭುಜ ಎದ್ರ ಚೆಂಡು ಹಾದಿ ಬಿಡತೈತಿ. ಬಿತ್ತೋ ಇಲ್ಲೊ ಕಿವೀಲೆ ಕೇಳ್ಬೇಕು. ಅದಕ್ಕ ಸಪ್ಪಳ ಛಲೋ ಇರಬೇಕು.” ಡಬ್ಬಿ ಯಾತಕ್ಕೆ, ಎಲ್ಲಿ ಹುಗಿಯಲಿಕ್ಕೆ ಎಂದು ನನಗೆ ಆಗಲೇ ತಿಳಿಯಬೇಕಿತ್ತು.

ತಿಳಿದದ್ದು ತಂಗಿಯ ಮಗಳ ಸೀಮಂತದ ಕುಬಸಕ್ಕೆ ಬೀಳಗಿಗೆ ಹೋಗಿ ಬಂದ ದಿನ. ಚೀಲ ಇನ್ನೂ ಕೈಯಲ್ಲೇ ಇತ್ತು. ಹಿತ್ತಲಿನ ತುದಿಯಲ್ಲಿ ಹಾಸಿನ ಕಲ್ಲು ಇರಲಿಲ್ಲ. ಅದು ಗೋಡೆಯ ಬುಡಕ್ಕೆ ಉದ್ದಕ್ಕೆ ಮಲಗಿತ್ತು. ಅದು ನಿಂತಿದ್ದ ಜಾಗ ಸಮವಾಗಿತ್ತು. ಅದರ ಸ್ವಲ್ಪ ಈಚೆಗೆ ನೆಲದಲ್ಲಿ ಜಮಖಂಡಿಯ ಡಬ್ಬಿ ಬಾಯಿ ತೆರೆದುಕೊಂಡು ಕೂತಿತ್ತು.

“ಯಾರ್ ಕಿತ್ತವ್ರು?”

“ನಾನ ಕೀಳಂದೆ,” ಎಂದರು ನಮ್ಮವರು. “ಅಡ್ಡ ಆಗತಿತ್ತು. ಚೆಂಡು ಬಡದ ತಿರಗತಿತ್ತು.”

“ಅಡ್ಡ ಇರ್ಲಿ ಅಂತನ ಅದನ್ನ ಹುಗದಿದ್ರು ನಿಮ್ಮಪ್ಪಾರು!”

“ಕಲ್ಲು ಎಲ್ಲಿ ಹೋಗೇತಿ ಈಗ? ಗ್ವಾಡಿಗಿ ಐತಲ್ಲ.”

“ಗ್ವಾಡಿಗಿ ಬಿದ್ದದ್ದು ಕಲ್ಲು. ನಿಂತಿದ್ರ ಹಾಸಿನ ಕಲ್ಲು.”

ಆತ ಅಲ್ಲಿಯೇ ಇದ್ದ. ಕಲ್ಲಿನ ಬಳಿ ಕೂತು, ಅದರ ಕುತ್ತಿಗೆಯಲ್ಲಿ ಹಗ್ಗ ಸವೆಸಿದ ಕಚ್ಚನ್ನು ಬೆರಳಿನಿಂದ ಸವರಿ ನೋಡುತ್ತಿದ್ದ. “ಒಂದ ಮಗ್ಗಲಿಗೆ ಅಷ್ಟ ಸವದೈತಿ” ಎಂದ, ತನಗೆ ತಾನೇ. ಗುರುತು ಹಿಡಿದುಕೊಳ್ಳುತ್ತಿದ್ದಾನೆ, ಎಂದುಕೊಂಡೆ ನಾನು.

ಅಲ್ಲಿಂದ ಮುಂದೆ ನಮ್ಮ ಮನೆಯಲ್ಲಿ ಎರಡು ಆಟ ನಡೆದವು. ಅವರಿಬ್ಬರದು ಒಂದು, ನನ್ನದು ಒಂದು. ನಾನು ಪಟ್ಟಿಯ ಮೇಲೆ ಹಪ್ಪಳ ಒಣಗಿಸಿದೆ, ಹಗ್ಗ ಕಟ್ಟಿ ಬಟ್ಟೆ ಹಾಕಿದೆ, ಕುಂಡಗಳನ್ನು ಸಾಲಾಗಿ ಇಟ್ಟೆ. ಬಳಸುವವರದೇ ನೆಲ ಎಂದಾದರೆ ನಾನೂ ಬಳಸುತ್ತೇನೆ. ಆತ ಎರಡು ಕುಂಡಗಳ ನಡುವೆ ಚೆಂಡು ಹಾಯಿಸಲು ಶುರುಮಾಡಿದ. “ವೈನಿ ಬಾಗಲಾ ಮಾಡಿ ಕೊಟ್ಟಾರ. ಇದರಾಗ ಹಾಯ್ದ್ರ ಹಿಡಿಕಿ ಖರೆ” ಎಂದು ನಮ್ಮವರಿಗೆ ಹೇಳಿದ. ನಾನು ಕುಂಡ ಹತ್ತಿರ ಸರಿಸಿದೆ. ಅವರಿಬ್ಬರ ಕೈ ಇನ್ನೂ ಪಳಗಿತು. ಇದಕ್ಕೆ ಏನು ಮಾಡುತ್ತೀರಿ?

ಆತನ ಅಕ್ಕನ ಮಗನನ್ನು ನಾನು ಮೊದಲು ನೋಡಿದ್ದು ಆ ಚಳಿಗಾಲದಲ್ಲಿ. ಬಿಳಿ ಕಾರು, ಬಿಳಿ ಅಂಗಿ. ಮುಧೋಳದಲ್ಲಿ ಪ್ಲಾಟು ಕೊಡುವ ತೆಗೆದುಕೊಳ್ಳುವ ಧಂದೆ ಎಂದು ಗಂಗವ್ವ ಹೇಳಿದಾಗ ನನ್ನ ಕೈಯಲ್ಲಿದ್ದ ಮೊರ ಕೆಳಗೆ ಬಿತ್ತು. ಅವನು ನಮ್ಮ ಪಟ್ಟಿಯ ಮೇಲೆ ಹಿತ್ತಲಿನವರೆಗೆ ನಡೆದು ಹೋದ. ಮಲಗಿದ್ದ ಕಲ್ಲನ್ನು ಬೂಟಿನ ತುದಿಯಿಂದ ತಟ್ಟಿದ. ಆಚೆ ಪ್ಲಾಟಿನ ಕಡೆ ನೋಡಿದ.

“ಮಾಮಾ, ಆಡ್ಕೋತ ಇರು. ಬಿಡಬ್ಯಾಡ ಇದನ್ನ.”

ಆತ ಚೆಂಡಿನ ಮೇಲೆ ಬಗ್ಗಿದ್ದವನು ತಲೆ ಎತ್ತದೆಯೇ ಹೇಳಿದ: “ನೀ ಹಾದಿಯಾಗ ನಿಂತೀ. ನಿನ್ನ ನೆಳ್ಳ ಬೀಳಾಕತ್ತೈತಿ. ಆಚೆ ಸರಿ.”

ಆ ಎರಡು ಮಾತನ್ನು ನಾನು ಎಷ್ಟು ಸಲ ತೂಗಿದ್ದೇನೋ. ಮಾವ ಅಳಿಯ ಕೂಡಿ ಆಡಿದ ಮಾತೇ? ಅಥವಾ ಆತನಿಗೆ ಅಳಿಯನ ಮಾತು ಕಿವಿಗೇ ಬೀಳಲಿಲ್ಲವೆ? ನಮ್ಮವರನ್ನು ಕೇಳಿದರೆ, “ಆಟದಾಗ ಹಾದಿ ಮ್ಯಾಲ ನಿಂದ್ರಬಾರದು, ಅಷ್ಟ” ಎಂದರು. ನಮ್ಮವರಿಗೆ ಎಲ್ಲವೂ ಅಷ್ಟೇ. ಬಸಿಯನ್ನು ಎರಡು ಕೈಯಲ್ಲಿ, ಎಡಗೈ ಕೆಳಗೆ ಕೊಟ್ಟು ಹಿಡಿದು, ಒಂದು ಹನಿ ಚೆಲ್ಲದೆ ಚಹಾ ಕುಡಿಯುತ್ತ ಅವರು ಹಾಗೆ ಹೇಳಿದರು. ರಬಕವಿಯ ಸಂಬಂಧಿಕರ ಮದುವೆಯಲ್ಲಿ ಅವರು ಪಂಕ್ತಿಗೆ ಕೂತು ಎದ್ದದ್ದೂ ಆ ವರ್ಷವೇ. ನಾನು ಎದುರಿನ ಸಾಲಿನಿಂದ ಅವರ ಅಂಗಿಯನ್ನೇ ನೋಡುತ್ತಿದ್ದೆ. ಬಿಳಿಯಾಗಿಯೇ ಉಳಿಯಿತು. ಆಗ ಬಂದ ನೆಮ್ಮದಿಯ ಹಿಂದೆಯೇ ಒಂದು ಭಯವೂ ಬಂತು: ಇಷ್ಟು ಕೊಟ್ಟವನು ಏನು ಕೇಳಬಹುದು?

ಆತ ಏನನ್ನೂ ಕೇಳಲಿಲ್ಲ. ಅದೇ ನನ್ನ ನಿದ್ದೆ ಕೆಡಿಸುತ್ತಿತ್ತು.

ಈ ಬೇಸಿಗೆ ಶುರುವಾಗುವ ಹೊತ್ತಿಗೆ ಆತ ಸೊರಗಿದ್ದ. ಚೆಂಡು ಎತ್ತಲು ಬಗ್ಗಿದರೆ ಏಳಲು ಕೋಲು ಬೇಕಾಗುತ್ತಿತ್ತು. ಒಂದು ಬೆಳಿಗ್ಗೆ ಹಿತ್ತಲಿನಿಂದ ಹಾರೆಯ ಸಪ್ಪಳ ಕೇಳಿ ನಾನು ಹಿಟ್ಟಿನ ಕೈಯಲ್ಲೇ ಓಡಿದೆ. ಬುನಾದಿ ತೆಗೆಯುತ್ತಿದ್ದಾರೆ ಎಂದೇ ತಿಳಿದೆ. ಇಬ್ಬರೂ ಅಲ್ಲಿದ್ದರು. ನಮ್ಮವರು ಹಾಸಿನ ಕಲ್ಲನ್ನು ತಬ್ಬಿ ನೆಟ್ಟಗೆ ಹಿಡಿದಿದ್ದರು. ಆತ ಹಲ್ಲಿನಲ್ಲಿ ದಾರ ಕಚ್ಚಿ, ನಟ್ಟು ತೂಗಬಿಟ್ಟು, ಕಲ್ಲು ಲಂಬವಾಗಿದೆಯೇ ನೋಡುತ್ತಿದ್ದ. ನೋಡಿ, ಮಣ್ಣು ತುಂಬಿ, ಹಾರೆಯ ಹಿಂಭಾಗದಿಂದ ಜಡಿಯುತ್ತಿದ್ದ. ಎರಡು ಪೆಟ್ಟಿಗೊಮ್ಮೆ ನಿಂತು ಉಸಿರು ಹಿಡಿಯುತ್ತಿದ್ದ. ಜಮಖಂಡಿಯ ಡಬ್ಬಿ ನೆಲದಿಂದ ಹೊರಗೆ ಬಂದು, ತೊಳೆದು, ಬೋರಲು ಬಿದ್ದಿತ್ತು.

“ಇದೇನ್ರಿ ಹೊಸಾ ಆಟ?”

“ತೆಗ್ಗು ಮುಚ್ಚಾಕತ್ತೇವ್ರಿ ವೈನಿ. ನಾಳಿಗಿ ಜಮಖಂಡಿ ದವಾಖಾನಿಗಿ ಹೊಂಟೇನಿ. ಎಷ್ಟ ದಿನಾ ಇಟ್ಕೊಳ್ತಾರೋ.”

“ನಾಳಿಗಿ ದವಾಖಾನಿಗಿ ಹೋಗವ್ರು ಇವತ್ತ ಹಾರಿ ಹಿಡೀತಾರೇನು?”

“ಹೋಗಾಗ ನೆಲ ಇದ್ದಂಗ ಮಾಡಿ ಹೋಗಬೇಕ್ರಿ” ಎಂದ. ಮೇಲಿನ ತುಟಿ ಅಲುಗಿತು.

ಆತ ಹೋದ ಮೇಲೆ ನಾನು ಸುಮ್ಮನೆ ಕೂರಲಿಲ್ಲ. ಕಲ್ಲನ್ನು ಹಿಂದೆ ತರುವ ನೆಪದಲ್ಲಿ ಒಂದು ಗೇಣು ಒಳಗೆ ಸರಿಸಿ ನೆಟ್ಟಿದ್ದರೆ? ಹಾಗೆ ಮಾಡಿದವರನ್ನು ನಮ್ಮ ಓಣಿ ಕಂಡಿದೆ. ಹಳೆಯ ಹಾಸಿನ ಹಗ್ಗ ಅಟ್ಟದ ಮೇಲಿತ್ತು. ಅದು ಈ ಕಲ್ಲಿನಿಂದ ಆ ಕಲ್ಲಿಗೆ ಸರಿಯಾಗಿ ಬರುವ ಹಗ್ಗ. ಇಳಿಸಿ, ಎಳೆದು ಕಟ್ಟಿ ನೋಡಿದೆ. ಬಂತು. ಇನ್ನು ಕಚ್ಚು: ಹಾಸು ಒಳಕ್ಕೆ ಜಗ್ಗುವುದರಿಂದ ಹಗ್ಗ ಕಲ್ಲಿನ ಹೊರಮಗ್ಗಲನ್ನೇ ಸವೆಸುತ್ತದೆ. ತಿಳಿಯದವರು ನೆಟ್ಟರೆ ಕಚ್ಚು ಒಳಗೆ ಬರುತ್ತದೆ. ಆತ ನೆಟ್ಟದ್ದು ಹೊರಗೇ ಇತ್ತು. ತಪ್ಪು ಸಿಗಲಿಲ್ಲ. ತಪ್ಪು ಸಿಗದಿದ್ದಾಗ ನನಗೆ ಆಗುವ ಕಸಿವಿಸಿ ನಮ್ಮವರಿಗೆ ಗೊತ್ತು; ಅವರು ಕಟ್ಟೆಯಿಂದಲೇ, “ಆತೇನು?” ಎಂದು ಕೇಳಿ ನಕ್ಕರು.

ದವಾಖಾನೆಯಿಂದ ಆತ ತಿರುಗಿ ಬರಲಿಲ್ಲ.

ದಿನಕರ್ಮ ಮುಗಿದ ವಾರದಲ್ಲೇ ಬಿಳಿ ಕಾರು ಬಂತು. ಅಕ್ಕನ ಮಗ ಒಬ್ಬನೇ ಬಂದಿರಲಿಲ್ಲ, ಓಣಿಯ ಇಬ್ಬರು ಹಿರಿಯರನ್ನು ಕರೆದುಕೊಂಡು ಬಂದಿದ್ದ. ಆಚೆ ಪ್ಲಾಟು ಆಗಲೇ ಅವನದಾಗಿತ್ತು.

“ಸುಮ್ನ ಜಗಳಾ ಬ್ಯಾಡ್ರಿ ಅಕ್ಕಾರ. ಇಷ್ಟು ವರ್ಷ ಈ ಜಾಗಾ ಬಳಸಿದಾವ ನಮ್ಮ ಮಾಮಾ. ಕಲ್ಲು ಕಿತ್ತು, ಸಮ ಮಾಡಿ, ತೆಗ್ಗು ತಗದು ಆಡ್ಕೋತ ಬಂದ. ಯಾರೂ ಬ್ಯಾಡ ಅನ್ಲಿಲ್ಲ. ಅಂದ್ರ ಇದು ಎಲ್ಲಾರಿಗೂ ಬಿಟ್ಟ ಹಾದಿ. ಹಾಸಿನ ಕಲ್ಲು ಗ್ವಾಡಿಗಿ ಬಿದ್ದದ್ದು ನಾ ಕಣ್ಣಾರೆ ನೋಡೇನಿ.”

ಇದೇ ಮಾತು ಬರುತ್ತದೆ ಎಂದು ಇಷ್ಟು ವರ್ಷ ಕಿಟಕಿಯಲ್ಲಿ ಕಾದಿದ್ದೆ. ಬಂತು, ಬೇರೆ ಬಾಯಿಂದ ಬಂತು. ನಾನು ಸಂಶಯಪಟ್ಟದ್ದು ತಪ್ಪು ಎಂದು ಯಾರೂ ಹೇಳಬಾರದು.

“ಬರ್ರಿ, ನೋಡೂಣು” ಎಂದಷ್ಟೇ ಹೇಳಿ ಮುಂದೆ ನಡೆದೆ.

ಹಿರಿಯರಲ್ಲಿ ಒಬ್ಬರು ಹಳೆಯ ನೇಕಾರರು. ಈ ತುದಿಯ ಕಲ್ಲಿಗೆ ಬೆನ್ನು ಹಚ್ಚಿ ನಿಂತು ಆ ತುದಿಗೆ ನೋಡಿದರು. ಕಲ್ಲು ನಿಂತಿತ್ತು. ನಡೆದು ಹೋಗಿ, ಅದರ ಹೊರಮಗ್ಗಲಿಗೆ ಕೈ ಬಳಸಿ ಕಚ್ಚಿನಲ್ಲಿ ಹೆಬ್ಬೆರಳು ಇಟ್ಟರು. ಅಲುಗಿಸಿ ನೋಡಿದರು. ಅಲುಗಲಿಲ್ಲ. ಆಮೇಲೆ ಅಕ್ಕನ ಮಗನನ್ನು ಕೇಳಿದರು: “ತೆಗ್ಗು ಎಲ್ಲೈತೋ?”

ಅವನು ಹುಡುಕಿದ. ಬೂಟಿನಿಂದ ಒತ್ತಿ ನೋಡಿದ, ಬಗ್ಗಿ ನೋಡಿದ, ಕುಂಡ ಸರಿಸಿ ನೋಡಿದ. ಬೆವರಿದ. “ಇಲ್ಲೇ ಇತ್ರಿ. ಮಾಮಾ ಇಲ್ಲೇ ಆಡ್ತಿದ್ದ...”

“ಹಾಸಿನ ಕಲ್ಲು ಇದ್ದಲ್ಲಿ ಐತಿ. ಕಚ್ಚು ಹೊರಗ ಐತಿ. ತೆಗ್ಗು ಇಲ್ಲ. ಆತು, ಮುಗೀತು” ಎಂದು ಹಿರಿಯರು ಕೈ ಝಾಡಿಸಿದರು. “ಒಂದ ಕಪ್ಪ ಚಾ ಮಾಡವಾ ತಂಗೀ.”

ಚಹಾ ಸೋಸುವಾಗ ನಾನು ಅರ್ಧ ಹೊರಗೆ ಚೆಲ್ಲಿದೆ. ಬಸಿಗಳನ್ನು ಒಯ್ದು ಕೊಟ್ಟವರು ನಮ್ಮವರು.

ಎಲ್ಲ ಹೋದ ಮೇಲೆ ಅವರನ್ನು ಕೇಳಿದೆ. “ಖರೆ ಹೇಳ್ರಿ. ಅಳಿಯಾ ಹಿಂಗ ಬರ್ತಾನ ಅಂತ ಅಂವಗ ಗೊತ್ತಿತ್ತೇನು? ಅದಕ್ಕ ನೆಟ್ಟನೋ, ಇಲ್ಲಾ ರೂಢಿ ಅಂತ ನೆಟ್ಟನೋ?”

“ಕೇಳ್ಲಿಲ್ಲ ನಾನು.”

“ಕೂಡೇ ಕಲ್ಲ ಹಿಡಕೊಂಡ ನಿಂತ್ರಿ. ಒಂದ ಮಾತ ಕೇಳಾಕ ಆಗಲಿಲ್ಲ?”

“ಅಂವನ ಬಾಯಾಗ ದಾರಾ ಇತ್ತಲ್ಲ” ಎಂದರು.

ಮೊನ್ನೆ ಅವರು ಮಧ್ಯಾಹ್ನ ಮಲಗಿದ್ದಾಗ ನಾನು ಒಂದು ತಂಬಿಗೆ ನೀರು ತೆಗೆದುಕೊಂಡು ಹಿತ್ತಲಿನ ತುದಿಗೆ ಹೋದೆ. ಡಬ್ಬಿ ಎಲ್ಲಿ ಹುಗಿದಿತ್ತು ಎಂದು ನನಗಿಂತ ಚೆನ್ನಾಗಿ ಬಲ್ಲವರಿಲ್ಲ. ಎಷ್ಟೋ ಬೆಳಿಗ್ಗೆ ಅದರ ಸಪ್ಪಳಕ್ಕೇ ಎದ್ದಿದ್ದೇನೆ. ಎಷ್ಟು ಚೆನ್ನಾಗಿ ಮುಚ್ಚಿದರೂ ಮುಚ್ಚಿದ ಮಣ್ಣು ಕೂರುತ್ತದೆ, ಅಲ್ಲಿ ನೀರು ನಿಂತೇ ನಿಲ್ಲುತ್ತದೆ. ಕುಕ್ಕರಗಾಲಲ್ಲಿ ಕೂತು, ಆತ ಮಾಡಿದ ಹಾಗೆಯೇ ಹನಿಹನಿಯಾಗಿ ಸುರಿದೆ. ನೀರು ಸ್ವಲ್ಪ ಯೋಚಿಸಿತು. ಆಮೇಲೆ ಸರಿಯಿತು. ನಾನು ತಿಳಿದ ಜಾಗದ ಮೇಲೆ ಹಾಯ್ದು, ಎಲ್ಲಿಯೂ ನಿಲ್ಲದೆ, ಹಾಸಿನ ಕಲ್ಲಿನ ಬುಡಕ್ಕೆ ಹೋಗಿ ಸೇರಿತು.

“ಏನ ಮಾಡಾಕತ್ತೀಯೇ ಬಿಸಲಾಗ?” ಎಂದು ನಮ್ಮವರು ಹಿಂಬಾಗಿಲಿನಿಂದ ಕೂಗಿದರು.

“ತುಳಸಿಗಿ ನೀರ ಹಾಕಾಕತ್ತೇನಿ.”

“ತುಳಸಿ ಮುಂಚೀ ಬಾಗಲ ಕಡೆ ಐತಲ್ಲ” ಎಂದರು.

ನಾನು ತಲೆ ಎತ್ತಲಿಲ್ಲ. ತಂಬಿಗೆಯಲ್ಲಿ ಇನ್ನೂ ಸ್ವಲ್ಪ ನೀರಿತ್ತು.